ಪೆಟ್ಟು ಹೇಗೆ ಬೀಳುತ್ತದೆ?

ಮನೆ ಕಟ್ಟುವ ಕಡೆ ಇಟ್ಟಿಗೆ ಎಸೆಯುವುದನ್ನು ನೀವು ನೋಡಿದ್ದೀರಿ. ನಿಮ್ಮಲ್ಲಿ ಕೆಲವರು ದಿನವೂ ಅದೇ ಕೆಲಸ ಮಾಡುತ್ತೀರಿ. ಕೆಳಗಿರುವವರು ಎಸೆಯುತ್ತಾರೆ. ಮೇಲೆ ನಿಂತವರು ಹಿಡಿಯುತ್ತಾರೆ. ಹಿಡಿಯುವವರ ಕೈಯನ್ನು ಒಂದು ಸಲ ಗಮನವಿಟ್ಟು ನೋಡಿ. ಕೈ ಬಿಗಿಯಾಗಿ ನಿಂತಿರುವುದಿಲ್ಲ. ಇಟ್ಟಿಗೆ ತಾಗಿದ ಕೂಡಲೆ ಕೈಯೂ ಅದರ ಜೊತೆ ಸ್ವಲ್ಪ ದೂರ ಹೋಗುತ್ತದೆ. ಆಮೇಲೆ ಮೆಲ್ಲಗೆ ನಿಲ್ಲುತ್ತದೆ.

ಹೊಸಬರಿಗೆ ಇದು ಗೊತ್ತಿರೋದಿಲ್ಲ. ಅವರು ಕೈ ಗಟ್ಟಿ ಮಾಡಿಕೊಂಡು ನಿಲ್ಲುತ್ತಾರೆ. ಸಂಜೆ ಹೊತ್ತಿಗೆ ಅಂಗೈ ಊದಿಕೊಂಡಿರುತ್ತದೆ. "ಕೈ ಸಡಿಲ ಬಿಡೋ" ಅಂತ ಮೇಸ್ತ್ರಿ ಕೂಗುತ್ತಾರೆ.

ಇಟ್ಟಿಗೆ ಅದೇ. ಬಂದ ವೇಗವೂ ಅದೇ. ಒಬ್ಬರಿಗೆ ನೋವು, ಇನ್ನೊಬ್ಬರಿಗೆ ಇಲ್ಲ. ಯಾಕೆ? ಒಬ್ಬರು ಇಟ್ಟಿಗೆಗೆ ನಿಲ್ಲಲು ದಾರಿ ಕೊಟ್ಟರು. ಇನ್ನೊಬ್ಬರು ಕೊಡಲಿಲ್ಲ. ನಿಲ್ಲುವ ದಾರಿ ಹತ್ತು ಪಟ್ಟು ಉದ್ದವಾದರೆ ಪೆಟ್ಟಿನ ಜೋರು ಹತ್ತರಲ್ಲಿ ಒಂದು ಪಾಲು ಆಗುತ್ತದೆ.

ವಾಹನ ಗುದ್ದಿದಾಗ ಮನುಷ್ಯನ ಮೈಗೆ ಏನಾಗುತ್ತದೆ ಎಂದು ಅಧ್ಯಯನ ಮಾಡುವ ಒಂದು ವಿಜ್ಞಾನವೇ ಇದೆ. ಅದಕ್ಕೆ ಬಯೋಮೆಕಾನಿಕ್ಸ್ ಎಂದು ಹೆಸರು. ಎಷ್ಟು ಜೋರಿಗೆ ಮೂಳೆ ಮುರಿಯುತ್ತದೆ? ಎಷ್ಟು ಅಲುಗಿದರೆ ಮಿದುಳು ಕೆಡುತ್ತದೆ? ಪೆಟ್ಟನ್ನು ಕಡಿಮೆ ಮಾಡುವುದು ಹೇಗೆ? ಇದೇ ಅದರ ಕೆಲಸ. ಹೆಸರು ಕೇಳಿ ಹೆದರಬೇಡಿ. ಅದರ ಮೊದಲ ಪಾಠ ಇಟ್ಟಿಗೆ ಹಿಡಿಯುವವರಿಗೆ ಆಗಲೇ ಗೊತ್ತಿದೆ.

ಒಂದು ಅಪಘಾತ, ಮೂರು ಪೆಟ್ಟು

ಕೆಂಗೇರಿ ಕಡೆಯಿಂದ ಬಸ್ಸು ಬರುತ್ತಿದೆ. ನೀವು ಕಂಬಿ ಹಿಡಿದು ನಿಂತಿದ್ದೀರಿ. ರಾಜರಾಜೇಶ್ವರಿನಗರದ ಆರ್ಚ್ ಹತ್ತಿರ ಡ್ರೈವರ್ ಜೋರಾಗಿ ಬ್ರೇಕ್ ಹಾಕಿದರು. ಬಸ್ಸು ನಿಂತಿತು. ನೀವು ನಿಂತಿರಾ? ಇಲ್ಲ. ಮುಂದಿನವರ ಮೇಲೆ ಹೋಗಿ ಬಿದ್ದಿರಿ. ಯಾರೂ ನಿಮ್ಮನ್ನು ತಳ್ಳಲಿಲ್ಲ. ನಿಮ್ಮ ಮೈ ಬಸ್ಸಿನ ವೇಗದಲ್ಲೇ ಹೋಗುತ್ತಿತ್ತು. ಬಸ್ಸನ್ನು ಬ್ರೇಕ್ ನಿಲ್ಲಿಸಿತು. ನಿಮ್ಮನ್ನು ನಿಲ್ಲಿಸುವವರು ಯಾರೂ ಇರಲಿಲ್ಲ.

ಅಪಘಾತದಲ್ಲೂ ಹೀಗೇ ಆಗುತ್ತದೆ. ಮೊದಲು ಗಾಡಿ ಏನಕ್ಕಾದರೂ ಗುದ್ದುತ್ತದೆ. ಗಾಡಿ ನಿಲ್ಲುತ್ತದೆ, ಆದರೆ ಮೇಲೆ ಕೂತ ಮನುಷ್ಯ ನಿಲ್ಲುವುದಿಲ್ಲ. ಅವನು ಮುಂದಕ್ಕೆ ಹೋಗಿ ರಸ್ತೆಗೋ, ಲಾರಿಗೋ, ಕಂಬಕ್ಕೋ ಗುದ್ದುತ್ತಾನೆ. ಇದು ಎರಡನೆಯ ಪೆಟ್ಟು. ಅಷ್ಟಕ್ಕೇ ಮುಗಿಯಲಿಲ್ಲ. ತಲೆ ನಿಂತರೂ ತಲೆಯೊಳಗಿನ ಮಿದುಳು ಇನ್ನೂ ಹೋಗುತ್ತಿರುತ್ತದೆ. ಅದು ಒಳಗಿನಿಂದ ತಲೆಬುರುಡೆಗೆ ಗುದ್ದುತ್ತದೆ. ಮೂರನೆಯ ಪೆಟ್ಟು ಇದೇ. ಹೊರಗೆ ಕಾಣುವುದಿಲ್ಲ. ಜೀವ ತೆಗೆಯುವುದು ಹೆಚ್ಚಾಗಿ ಇದೇ.

ಇನ್ನು ವೇಗದ ಲೆಕ್ಕ ನೋಡೋಣ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗಿ ಗೋಡೆಗೆ ಗುದ್ದಿದರೆ ಸುಮಾರು 5 ಅಡಿ ಎತ್ತರದಿಂದ ಬಿದ್ದ ಹಾಗೆ. 40 ಕಿಲೋಮೀಟರ್ ವೇಗವಾದರೆ? 10 ಅಡಿ ಅಂತ ಹೇಳುತ್ತೀರಿ. ಅಲ್ಲ. 20 ಅಡಿ. ಅಂದರೆ ಎರಡು ಮಹಡಿ ಮೇಲಿಂದ ಬಿದ್ದ ಹಾಗೆ. 60 ಕಿಲೋಮೀಟರ್ ಆದರೆ 46 ಅಡಿ. ನಾಲ್ಕು ಮಹಡಿಗೂ ಮೇಲೆ. ವೇಗ ಎರಡು ಪಟ್ಟಾದರೆ ಎತ್ತರ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟಾಗುತ್ತದೆ. ನಾಲ್ಕು ಮಹಡಿಯ ಅಂಚಿನಲ್ಲಿ ನಿಲ್ಲಲು ನಮಗೆ ಕಾಲು ನಡುಗುತ್ತದೆ. ಅಷ್ಟೇ ಅಪಾಯದ ವೇಗದಲ್ಲಿ ಒಂದು ಕೈಯಲ್ಲಿ ಫೋನ್ ಹಿಡಿದು ಹೋಗುತ್ತೇವೆ.

ಇಲ್ಲಿ ಇನ್ನೊಂದು ಮಾತಿದೆ. "ನಾನು ಮೆಲ್ಲಗೇ ಹೋಗೋದು, ನನಗೆ ಯಾಕೆ ಹೆಲ್ಮೆಟ್?" ಅನ್ನುವವರು ಬಹಳ ಜನ. ಗಾಡಿ ನಿಂತಲ್ಲೇ ವಾಲಿ ಬಿದ್ದರೂ ತಲೆ 5 ಅಡಿ ಎತ್ತರದಿಂದ ಕಲ್ಲಿಗೆ ಬೀಳುತ್ತದೆ. ಅಷ್ಟು ಹೊತ್ತಿಗೆ ಅದರ ವೇಗ ಗಂಟೆಗೆ 20 ಕಿಲೋಮೀಟರ್ ಆಗಿರುತ್ತದೆ. ಸುಮ್ಮನೆ ಬೀಳುವುದೂ ಸಣ್ಣದಲ್ಲ.

ಕೆಲವರು ಬೈಕಿನಿಂದ ಬಿದ್ದು ರಸ್ತೆ ಮೇಲೆ ಮಾರುಗಟ್ಟಲೆ ಜಾರಿಕೊಂಡು ಹೋಗುತ್ತಾರೆ. ಮೈಯೆಲ್ಲ ತರಚಿ ಹೋಗುತ್ತದೆ, ಆದರೂ ಎದ್ದು ಕೂರುತ್ತಾರೆ. "ದೇವರು ದೊಡ್ಡವನು" ಅನ್ನುತ್ತಾರೆ ಜನ. ಇರಬಹುದು. ಜೊತೆಗೆ ನಿಲ್ಲಲು ಉದ್ದನೆಯ ದಾರಿಯೂ ಸಿಕ್ಕಿತ್ತು. ಅದೇ ಜಾಗದಲ್ಲಿ ರಸ್ತೆ ವಿಭಜಕದ ಕಲ್ಲಿಗೆ ತಲೆ ತಾಗಿದ್ದರೆ ದಾರಿ ಸಿಗುತ್ತಿರಲಿಲ್ಲ.

ತಲೆಯೊಳಗೆ ಏನಿದೆ?

ಮಿದುಳು ಸುಮಾರು ಒಂದೂಕಾಲು, ಒಂದೂವರೆ ಕಿಲೋ ತೂಕ ಇರುತ್ತದೆ. ಗಟ್ಟಿಯಾಗಿ ಹೆಪ್ಪಾದ ಮೊಸರಿನ ಹಾಗೆ ಮೆತ್ತಗೆ. ಸುತ್ತ ತೆಳ್ಳಗೆ ನೀರಿನಂಥ ದ್ರವ. ಹೊರಗೆ ಮೂಳೆಯ ಬುರುಡೆ. ಬುರುಡೆಯ ಒಳಗಡೆ ಎಲ್ಲ ಕಡೆ ನುಣುಪಾಗಿಲ್ಲ. ಬುಡದಲ್ಲಿ ಉಬ್ಬು ತಗ್ಗುಗಳಿವೆ.

ಮೊಸರಿನ ಪಾತ್ರೆಯನ್ನು ತಟ್ಟನೆ ತಿರುಗಿಸಿ ನೋಡಿ. ಪಾತ್ರೆ ತಿರುಗುತ್ತದೆ. ಮೊಸರು ಅಂಚಿನಲ್ಲಿ ಬಿರುಕು ಬಿಟ್ಟು ಅಲ್ಲೇ ಉಳಿಯುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಹೋಲ್ಬೋರ್ನ್ ಎಂಬ ವಿಜ್ಞಾನಿ ಹೆಚ್ಚು ಕಡಿಮೆ ಇದನ್ನೇ ಮಾಡಿ ನೋಡಿದರು. ಅವರು ಜೆಲ್ಲಿಯಂಥ ವಸ್ತುವಿನಿಂದ ಮಿದುಳಿನ ಮಾದರಿ ಮಾಡಿದರು. 1943ರಲ್ಲಿ ಅದರ ಫಲ ಪ್ರಕಟಿಸಿದರು. ತಲೆಗೆ ನೇರವಾಗಿ ಬೀಳುವ ಪೆಟ್ಟಷ್ಟೇ ಅಲ್ಲ, ತಲೆ ತಟ್ಟನೆ ತಿರುಗುವುದೂ ಮಿದುಳನ್ನು ಕೆಡಿಸುತ್ತದೆ ಎಂದು ತಿಳಿಸಿದರು. ಹಾಗೆ ತಿರುಗಿದಾಗ ಮಿದುಳಿನ ಮೇಲಿನ ಸಣ್ಣ ರಕ್ತನಾಳಗಳು ಕಿತ್ತುಹೋಗಬಹುದು. ರಕ್ತ ಒಳಗೇ ಸುರಿಯುತ್ತದೆ. ಬುರುಡೆ ಹಿಗ್ಗುವುದಿಲ್ಲ. ಸುರಿದ ರಕ್ತ ಮಿದುಳನ್ನು ಒತ್ತುತ್ತದೆ.

ಅದಕ್ಕೇ ಒಂದು ಎಚ್ಚರಿಕೆ. ಗಾಡಿಯಿಂದ ಬಿದ್ದವರು ಎದ್ದು ಕೂತು ಮಾತಾಡಬಹುದು. ಕಾಫಿ ಕುಡಿದು, "ಏನೂ ಆಗಿಲ್ಲ, ಮನೆಗೆ ಹೋಗ್ತೀನಿ" ಅನ್ನಬಹುದು. ಕೆಲವು ಗಂಟೆ ಕಳೆದ ಮೇಲೆ ವಾಂತಿ ಶುರುವಾಗುತ್ತದೆ. ತಲೆನೋವು ಹೆಚ್ಚುತ್ತದೆ. ಮಂಪರು ಬರುತ್ತದೆ. ಮಾತು ತೊದಲುತ್ತದೆ. "ಸುಸ್ತಾಗಿದೆ, ಮಲಗಲಿ ಬಿಡಿ" ಎಂದು ಮನೆಯವರು ಬಿಟ್ಟರೆ ಬೆಳಗ್ಗೆ ಎಬ್ಬಿಸಲು ಆಗದೆ ಹೋಗಬಹುದು. ಈ ಗುರುತುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಹೊರಗೆ ಗಾಯ ಇಲ್ಲ ಎಂದು ಕೂರಬಾರದು.

ಹೆಲ್ಮೆಟ್ ಒಳಗಿನ ಥರ್ಮಾಕೋಲ್

ಹೆಲ್ಮೆಟ್ ಹೊರಗಿನ ಗಟ್ಟಿ ಚಿಪ್ಪನ್ನು ನೋಡಿ ಅದೇ ತಲೆ ಉಳಿಸುತ್ತದೆ ಅಂದುಕೊಳ್ಳುತ್ತೇವೆ. ಚಿಪ್ಪಿಗೂ ಕೆಲಸ ಇದೆ. ಒಂದೇ ಜಾಗಕ್ಕೆ ಬಿದ್ದ ಪೆಟ್ಟನ್ನು ಅದು ಅಗಲಕ್ಕೆ ಹರಡುತ್ತದೆ. ಮೊನೆಯಾದ ಕಲ್ಲು ಒಳಗೆ ನುಗ್ಗದ ಹಾಗೆ ತಡೆಯುತ್ತದೆ. ಆದರೆ ನಿಜವಾದ ಕೆಲಸ ಒಳಗಿನ ಥರ್ಮಾಕೋಲ್‌ನದು. ಟಿ.ವಿ. ಪೆಟ್ಟಿಗೆಯಲ್ಲಿ ಬರುವ ಅದೇ ಜಾತಿಯ ವಸ್ತು, ಇನ್ನೂ ಗಟ್ಟಿಯಾಗಿರುತ್ತದೆ. ಪೆಟ್ಟು ಬಿದ್ದಾಗ ಅದು ಜಜ್ಜಿ ಹೋಗುತ್ತದೆ. ಅದು ಜಜ್ಜುವಷ್ಟು ದೂರ ತಲೆಗೆ ನಿಲ್ಲಲು ದಾರಿ ಸಿಗುತ್ತದೆ. ಬರಿಯ ತಲೆ ಕಲ್ಲಿಗೆ ಬಿದ್ದರೆ ಒಂದೆರಡು ಕೂದಲೆಳೆ ದೂರದಲ್ಲಿ ನಿಲ್ಲಬೇಕು. ಥರ್ಮಾಕೋಲ್ ಇದ್ದರೆ ಬೆರಳಿನ ದಪ್ಪದಷ್ಟು ದಾರಿ ಸಿಗುತ್ತದೆ. ಇಟ್ಟಿಗೆ ಹಿಡಿಯುವವರ ಕೈ ಹಿಂದಕ್ಕೆ ಹೋಗುವುದೂ ಇದೂ ಒಂದೇ.

ಇದು ತಿಳಿದರೆ ಕೆಲವು ವಿಷಯ ತಾನಾಗಿಯೇ ತಿಳಿಯುತ್ತದೆ. ಮೈಸೂರು ರಸ್ತೆ ಬದಿಯಲ್ಲಿ ಕಡಿಮೆ ಬೆಲೆಗೆ ಚಿಪ್ಪಿನಂಥ ಟೋಪಿಗಳು ಸಿಗುತ್ತವೆ. ಒಳಗೆ ಬೆರಳು ಹಾಕಿ ಒತ್ತಿ ನೋಡಿ. ಬರೀ ಬಟ್ಟೆ, ಸ್ಪಂಜು ಇದ್ದರೆ ಅದು ಪೊಲೀಸರಿಗೆ ತೋರಿಸಲು ಮಾತ್ರ. ಪೊಲೀಸರ ಹತ್ತಿರ ತಲೆ ಉಳಿಯಬಹುದು, ರಸ್ತೆ ಹತ್ತಿರ ಉಳಿಯೋದಿಲ್ಲ. ಹೆಲ್ಮೆಟ್‌ಗೆ ಐ.ಎಸ್.ಐ. ಗುರುತು ಇರಬೇಕು. 2021ರ ಜೂನ್ 1ರಿಂದ ಆ ಗುರುತಿಲ್ಲದ ಹೆಲ್ಮೆಟ್ ಮಾರುವುದು ಕಾನೂನಿಗೆ ವಿರುದ್ಧ. ಗುರುತಿನ ಪಕ್ಕ 4151 ಎಂಬ ಅಂಕಿ ಇರುತ್ತದೆ. ಈಗ ನಿಮಗೆ ಅಂಕಿ ಓದಲು ಬರುತ್ತದೆ. ಅಂಗಡಿಯವರು ಹೇಳಿದ್ದನ್ನು ನಂಬುವ ಬದಲು ತಿರುಗಿಸಿ ಓದಿ.

ಇನ್ನೊಂದು. ಜಜ್ಜಿದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲ. ಒಂದು ದೊಡ್ಡ ಪೆಟ್ಟು ತಿಂದ ಹೆಲ್ಮೆಟ್‌ನ ಕೆಲಸ ಮುಗಿಯಿತು. ಹೊರಗೆ ಬಣ್ಣ ಚೆನ್ನಾಗಿದೆ ಎಂದು ಇಟ್ಟುಕೊಳ್ಳಬಾರದು. ಗದ್ದದ ಪಟ್ಟಿ ಹಾಕದೆ ಇದ್ದರಂತೂ ಮೊದಲ ಪೆಟ್ಟಿಗೇ ಹೆಲ್ಮೆಟ್ ಒಂದು ಕಡೆ, ತಲೆ ಒಂದು ಕಡೆ.

ಹೆಲ್ಮೆಟ್ ಬಂದ ಕಥೆಯನ್ನೂ ಚಿಕ್ಕದಾಗಿ ಹೇಳುತ್ತೇನೆ. 1935ರಲ್ಲಿ ಇಂಗ್ಲೆಂಡಿನಲ್ಲಿ ಲಾರೆನ್ಸ್ ಎಂಬ ಹೆಸರಾಂತ ಸೈನಿಕ, ಲೇಖಕ ಮೋಟಾರ್ ಸೈಕಲ್‌ನಿಂದ ಬಿದ್ದು ಸತ್ತರು. ಅವರನ್ನು ನೋಡಿದ ಮಿದುಳು ಡಾಕ್ಟರ್ ಹ್ಯೂ ಕೇರ್ನ್ಸ್ ಆ ಸಾವನ್ನು ಮರೆಯಲಿಲ್ಲ. ಸೈನ್ಯದಲ್ಲಿ ಮೋಟಾರ್ ಸೈಕಲ್ ಓಡಿಸುವವರ ಲೆಕ್ಕ ತೆಗೆದರು. ಹೆಲ್ಮೆಟ್ ಹಾಕಿದವರು ಬದುಕಿದ್ದನ್ನು ಕಂಡರು. 1941ರಲ್ಲಿ ಅದನ್ನು ಬರೆದು ಪ್ರಕಟಿಸಿದರು. 2008ರಲ್ಲಿ ಹಲವು ದೇಶಗಳ 61 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೆಲ್ಮೆಟ್ ಹಾಕಿದರೆ ಸಾಯುವ ಅಪಾಯ ನೂರಕ್ಕೆ 42ರಷ್ಟು ಕಡಿಮೆ. ತಲೆಗೆ ಗಾಯವಾಗುವ ಅಪಾಯ ನೂರಕ್ಕೆ 69ರಷ್ಟು ಕಡಿಮೆ. ಹೆಲ್ಮೆಟ್ ಹಾಕಿದರೆ ಸಾವೇ ಇಲ್ಲ ಎಂದು ಯಾರೂ ಹೇಳುತ್ತಿಲ್ಲ. ಲಾರಿ ಮೈಮೇಲೆ ಹರಿದರೆ ಯಾವ ಹೆಲ್ಮೆಟ್ಟೂ ಉಳಿಸದು.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ನಿಮಗೆ ಗೊತ್ತು. ಹೊಸೂರು ರಸ್ತೆಯಲ್ಲಿದೆ. "ಅದು ಹುಚ್ಚಾಸ್ಪತ್ರೆ" ಎಂದು ಹಳೆಯವರು ಅನ್ನುತ್ತಾರೆ. ಅದು ಮನಸ್ಸಿನ ಕಾಯಿಲೆಗೂ, ಮಿದುಳು ನರಗಳ ಕಾಯಿಲೆಗೂ ಚಿಕಿತ್ಸೆ ಕೊಡುವ ದೊಡ್ಡ ಸಂಸ್ಥೆ. ರಸ್ತೆಯಲ್ಲಿ ತಲೆಗೆ ಪೆಟ್ಟು ಬಿದ್ದವರು ರಾತ್ರಿ ಹಗಲು ಅಲ್ಲಿಗೆ ಬರುತ್ತಾರೆ. ಅಲ್ಲಿನ ಡಾ. ಜಿ. ಗುರುರಾಜ್ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಇಂಥವರ ಲೆಕ್ಕ ಇಟ್ಟು ಅಧ್ಯಯನ ಮಾಡಿದರು. ಯಾವ ವಾಹನ? ಎಷ್ಟು ವಯಸ್ಸು? ಕುಡಿದಿದ್ದರೇ? ತಲೆಗೆ ಹೆಲ್ಮೆಟ್ ಇತ್ತೇ? ಹಾಗೆ ಬಂದವರಲ್ಲಿ ಬಹಳ ಜನ ದ್ವಿಚಕ್ರ ಗಾಡಿಯವರು, ನಡೆದು ಹೋಗುವವರು. ಹೆಚ್ಚಿನವರು ದುಡಿಯುವ ವಯಸ್ಸಿನ ಗಂಡಸರು. ಒಂದು ತಲೆಗೆ ಪೆಟ್ಟು ಬಿದ್ದರೆ ಒಂದು ಮನೆಯ ಕೂಲಿ ನಿಲ್ಲುತ್ತದೆ. ಬದುಕಿ ಬಂದವರಲ್ಲೂ ಕೆಲವರಿಗೆ ಮರೆವು, ಸಿಟ್ಟು, ಫಿಟ್ಸ್ ಉಳಿಯುತ್ತದೆ. ಅವರನ್ನು ನೋಡಿಕೊಳ್ಳಲು ಹೆಂಡತಿ ಕೆಲಸ ಬಿಡುತ್ತಾಳೆ. ಈ ನಷ್ಟವನ್ನು ಯಾವ ಲೆಕ್ಕದ ಪುಸ್ತಕದಲ್ಲೂ ಬರೆದಿರುವುದಿಲ್ಲ.

ಹಿಂದೆ ಕೂತವರ ತಲೆ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕಂದಿರ ಜೊತೆ ಈ ಮಾತು ಬಂತು. ಹಲವರು ಗಾರ್ಮೆಂಟ್ಸ್‌ಗೆ, ಮನೆಕೆಲಸಕ್ಕೆ ಹೋಗುವವರು. ಬೆಳಗ್ಗೆ ಗಂಡ ಇಲ್ಲವೇ ಮಗ ಗಾಡಿಯಲ್ಲಿ ಬಿಡುತ್ತಾರೆ. "ಮನೇಲಿ ಹೆಲ್ಮೆಟ್ ಒಂದೇ ಇರೋದು ಟೀಚರ್. ಅದು ಅವರಿಗೆ" ಎಂದರು ಒಬ್ಬರು. "ಹೂವ ಮುಡ್ಕೊಂಡಿರ್ತೀವಿ, ಹೆಂಗೆ ಹಾಕೋದು?" ಎಂದರು ಇನ್ನೊಬ್ಬರು. ಎಲ್ಲರೂ ನಕ್ಕೆವು.

ಹೂವಿನ ಪ್ರಶ್ನೆ ಸಣ್ಣದಲ್ಲ. ಹೂವನ್ನು ಚೀಲದಲ್ಲಿಟ್ಟು, ಹೋದ ಮೇಲೆ ಮುಡಿದುಕೊಳ್ಳಬಹುದು. ತುರುಬನ್ನು ಕೆಳಕ್ಕೆ ಹಾಕಬಹುದು. ಆದರೆ ಮೊದಲ ಮಾತಿಗೆ ನಗಲು ಆಗುವುದಿಲ್ಲ. ಮನೆಯಲ್ಲಿ ಹೆಲ್ಮೆಟ್ ಒಂದೇ, ಅದು ಓಡಿಸುವವರಿಗೆ! ಗಾಡಿ ನಿಂತಾಗ ಹಿಂದೆ ಕೂತವರೂ ಅಷ್ಟೇ ವೇಗದಲ್ಲಿ ಹೋಗುತ್ತಿರುತ್ತಾರೆ. ಓಡಿಸುವವರಿಗೆ ಹಿಡಿಯಲು ಹ್ಯಾಂಡಲ್ ಇದೆ. ಬರುವ ಗುಂಡಿ ಕಣ್ಣಿಗೆ ಕಾಣುತ್ತದೆ. ಹಿಂದೆ ಕೂತವರಿಗೆ ಎರಡೂ ಇಲ್ಲ. ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂತರೆ ಹಿಡಿತ ಇನ್ನೂ ಕಡಿಮೆ. ಗುಂಡಿ ಹಾರಿದಾಗ ಬೀಳುವವರು ಅವರೇ. 2016ರ ಜನವರಿಯಿಂದ ಕರ್ನಾಟಕದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029. ಅವರಲ್ಲಿ 14,337 ಜನ ಹಿಂದೆ ಕೂತವರು. ಇದು ಸರ್ಕಾರದ್ದೇ ಲೆಕ್ಕ.

ಸೆರಗು, ಚೂಡಿದಾರದ ವೇಲ್ ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಯನ್ನೇ ಎಳೆಯುತ್ತದೆ. ಗಾಡಿಯ ಎಡಗಡೆ ಹಿಂದಿನ ಚಕ್ರಕ್ಕೆ ಕಾಪು ಇರಬೇಕು, ಹಿಂದಿನವರಿಗೆ ಹಿಡಿಕೆ ಇರಬೇಕು ಎಂದು ನಿಯಮವೇ ಇದೆ. "ಚಂದ ಕಾಣಲ್ಲ" ಎಂದು ಹುಡುಗರು ಅದನ್ನು ಬಿಚ್ಚಿಸಿ ಹಾಕುತ್ತಾರೆ. ಮತ್ತೆ ಹಾಕಿಸಿ. ಹತ್ತುವ ಮೊದಲು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ.

ಮಕ್ಕಳ ವಿಷಯ. ಶಾಲೆ ಬಿಡುವ ಹೊತ್ತಿಗೆ ಬಿ.ಇ.ಎಂ.ಎಲ್. ಬಡಾವಣೆ ರಸ್ತೆಗಳಲ್ಲಿ ನೋಡಿ. ಸ್ಕೂಟರ್ ಮುಂದುಗಡೆ ಮಗು ನಿಂತಿರುತ್ತದೆ. ಬ್ರೇಕ್ ಹಾಕಿದರೆ ಮಗುವಿನ ಗಲ್ಲ ಹ್ಯಾಂಡಲ್‌ಗೆ ಬಡಿಯುತ್ತದೆ. ಹಿಂದಿನಿಂದ ದೊಡ್ಡವರ ಮೈಭಾರ ಮಗುವಿನ ಮೇಲೆ ಬೀಳುತ್ತದೆ. ಮೈಗೆ ಹೋಲಿಸಿದರೆ ಮಗುವಿನ ತಲೆ ದೊಡ್ಡದು, ಕುತ್ತಿಗೆ ಎಳೆಯದು. 2023ರ ಫೆಬ್ರವರಿ 15ರಿಂದ ಜಾರಿಗೆ ಬಂದ ನಿಯಮ ಹೀಗೆ ಹೇಳುತ್ತದೆ: ನಾಲ್ಕು ವರ್ಷದೊಳಗಿನ ಮಗುವನ್ನು ಪಟ್ಟಿಯಿಂದ ದೊಡ್ಡವರ ಮೈಗೆ ಕಟ್ಟಿಕೊಳ್ಳಬೇಕು. ಮಗುವಿನ ಅಳತೆಯ ಹೆಲ್ಮೆಟ್ ಹಾಕಬೇಕು. 40 ಕಿಲೋಮೀಟರ್ ವೇಗ ಮೀರಬಾರದು. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಬೇಕೇ ಬೇಕು.

ಕಾರು, ಟೆಂಪೊ, ಮದುವೆ ದಿಬ್ಬಣ

ನಮ್ಮಲ್ಲಿ ಕಾರು ಇರುವವರು ಕಡಿಮೆ. ಆದರೆ ಮದುವೆಗೆ, ಧರ್ಮಸ್ಥಳಕ್ಕೆ ಗಾಡಿ ಮಾಡಿಕೊಂಡು ಹೋಗುತ್ತೇವೆ. ಆಗ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳುತ್ತೇವೆ. "ನಾನು ಗಟ್ಟಿಯಾಗಿ ಹಿಡ್ಕೊಂಡಿದೀನಿ" ಅನ್ನುತ್ತೇವೆ. ಲೆಕ್ಕ ನೋಡಿ. ಕಾರು 40 ಕಿಲೋಮೀಟರ್ ವೇಗದಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ನಿಂತರೆ 10 ಕಿಲೋ ತೂಕದ ಮಗು ಆ ಕ್ಷಣ ಒಂದು ಕ್ವಿಂಟಲ್ ಮೂಟೆಗಿಂತ ಭಾರವಾಗುತ್ತದೆ. ಕ್ವಿಂಟಲ್ ಮೂಟೆಯನ್ನು ಯಾವ ತಾಯಿಯ ತೋಳು ತಡೆದೀತು?

ಸೀಟ್ ಬೆಲ್ಟ್ ಮಾಡುವ ಕೆಲಸ ಎರಡು. ಕಾರಿನ ಜೊತೆಯೇ ನಿಮ್ಮನ್ನೂ ನಿಲ್ಲಿಸುತ್ತದೆ. ಕಾರಿನ ಮೂತಿ ಮುದುಡುತ್ತಾ ನಿಲ್ಲುತ್ತದಲ್ಲ, ಆ ದಾರಿ ನಿಮಗೂ ಸಿಗುತ್ತದೆ. ಮತ್ತೆ, ಪೆಟ್ಟನ್ನು ಮೈಯ ಗಟ್ಟಿ ಜಾಗಗಳಿಗೆ ಹಂಚುತ್ತದೆ. ಹೆಗಲಿನ ಮೂಳೆ, ಎದೆಗೂಡು, ಸೊಂಟದ ಮೂಳೆ. ಅದಕ್ಕೇ ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಕೆಳಗೆ ಇರಬೇಕು. ಹೊಟ್ಟೆಯಲ್ಲಿ ತಡೆಯುವ ಮೂಳೆ ಇಲ್ಲ. ಬಸುರಿಯರಿಗೂ ಇದೇ ರೀತಿ. ಪಟ್ಟಿ ಹೊಟ್ಟೆಯ ಕೆಳಗೆ ಹೋಗಬೇಕು.

ಹೆಗಲಿನಿಂದ ಸೊಂಟಕ್ಕೆ ಬರುವ ಈ ಬೆಲ್ಟನ್ನು 1959ರಲ್ಲಿ ಸ್ವೀಡನ್ ದೇಶದ ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ಮಾಡಿದರು. ಬೇರೆ ಕಂಪನಿಗಳೂ ಮಾಡಿಕೊಳ್ಳಲಿ ಎಂದು ಕಂಪನಿ ಬಿಟ್ಟುಕೊಟ್ಟಿತು. ಅದಕ್ಕೂ ಮೊದಲು, 1954ರ ಡಿಸೆಂಬರ್ 10ರಂದು, ಅಮೆರಿಕದ ಸೈನ್ಯದ ಡಾಕ್ಟರ್ ಜಾನ್ ಸ್ಟಾಪ್ ತಮ್ಮ ಮೈಯನ್ನೇ ಪರೀಕ್ಷೆಗೆ ಒಡ್ಡಿದರು. ರಾಕೆಟ್ ಕಟ್ಟಿದ ಬಂಡಿಯಲ್ಲಿ ಕೂತು ಗಂಟೆಗೆ ಸಾವಿರ ಕಿಲೋಮೀಟರ್ ವೇಗ ಮುಟ್ಟಿದರು. ಒಂದೂವರೆ ಸೆಕೆಂಡ್ ಒಳಗೆ ಬಂಡಿ ನಿಂತಿತು. ಕಣ್ಣಿನ ರಕ್ತನಾಳ ಒಡೆದು ಸ್ವಲ್ಪ ಹೊತ್ತು ಕಣ್ಣು ಕಾಣಲಿಲ್ಲ. ಆದರೆ ಬದುಕಿದರು. ಮೈಯನ್ನು ಪಟ್ಟಿಗಳಿಂದ ಬಿಗಿದು ಕಟ್ಟಿಕೊಂಡಿದ್ದರು. 1999ರವರೆಗೆ, 89 ವರ್ಷ ಬಾಳಿದರು. ಈಗ ಮನುಷ್ಯರ ಬದಲು ಬೊಂಬೆಗಳನ್ನು ಕೂರಿಸಿ ಕಾರನ್ನು ಗುದ್ದಿಸಿ ನೋಡುತ್ತಾರೆ. ನಮ್ಮ ದೇಶದಲ್ಲೂ 2023ರಿಂದ ಹೀಗೆ ಪರೀಕ್ಷಿಸಿ ಕಾರುಗಳಿಗೆ ಸ್ಟಾರ್ ಕೊಡುತ್ತಿದ್ದಾರೆ. ಸ್ಕೂಟರಿಗೆ ಸ್ಟಾರ್ ಇಲ್ಲ. ಅದರಲ್ಲಿ ಮುದುಡುವ ಮೂತಿಯೇ ಇಲ್ಲ. ಇರುವುದು ನಿಮ್ಮ ಹೆಲ್ಮೆಟ್ ಮಾತ್ರ.

ಹಿಂದಿನ ಸೀಟಿನವರಿಗೆ ಬೆಲ್ಟ್ ಬೇಡ ಎಂಬುದು ತಪ್ಪು ತಿಳಿವಳಿಕೆ. 2022ರ ಸೆಪ್ಟೆಂಬರ್ 4ರಂದು ದೊಡ್ಡ ಉದ್ಯಮಿ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದಲ್ಲಿ ಸತ್ತರು. ಕಾರು ಬಹಳ ಬೆಲೆಯದು. ಅವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದರು.

ಬೆಂಗಳೂರು-ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ದಾರಿಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ಬರಬಾರದು ಎಂದು ತಡೆದರು. "ಬಡವರಿಗೆ ರಸ್ತೆ ಇಲ್ಲವೇ?" ಎಂದು ಹಲವರು ಸಿಟ್ಟಾದರು. ಆ ಸಿಟ್ಟಿನಲ್ಲಿ ನ್ಯಾಯ ಇದೆ. ಪಕ್ಕದ ಸರ್ವಿಸ್ ರಸ್ತೆ ಎಲ್ಲ ಕಡೆ ಚೆನ್ನಾಗಿರಬೇಕು, ದೀಪ ಇರಬೇಕು ಎಂದು ಕೇಳುವುದು ನಮ್ಮ ಹಕ್ಕು. ಆದರೆ 100 ಕಿಲೋಮೀಟರ್ ವೇಗದ ಕಾರು ಹಿಂದಿನಿಂದ ತಾಗಿದರೆ ಸ್ಕೂಟರಿನವರಿಗೆ ಏನಾಗುತ್ತದೆ ಎಂಬ ಲೆಕ್ಕ ನಿಮಗೆ ಈಗ ಗೊತ್ತು.

ಬಿದ್ದವರನ್ನು ಕಂಡಾಗ

ಮೊದಲು ಹಿಂದಿನಿಂದ ಬರುವ ವಾಹನಗಳನ್ನು ನಿಲ್ಲಿಸಿ. ಬಿದ್ದವರನ್ನು ಕೈಕಾಲು ಹಿಡಿದು ಎಳೆಯಬೇಡಿ. ಕುತ್ತಿಗೆ ಮೂಳೆಗೆ ಪೆಟ್ಟಾಗಿದ್ದರೆ ಎಳೆದಾಗ ನರ ತುಂಡಾಗಿ ಕೈಕಾಲು ಬಿದ್ದುಹೋಗಬಹುದು. ಹೆಲ್ಮೆಟನ್ನು ಆಂಬುಲೆನ್ಸ್‌ನವರು ತೆಗೆಯಲಿ. ಉಸಿರು ಕಟ್ಟಿದ್ದರೆ ಮಾತ್ರ ಇಬ್ಬರು ಸೇರಿ ತೆಗೆಯಿರಿ. ಒಬ್ಬರು ತಲೆ, ಕುತ್ತಿಗೆ ಅಲುಗದ ಹಾಗೆ ಹಿಡಿಯಬೇಕು. ಇನ್ನೊಬ್ಬರು ಮೆಲ್ಲಗೆ ಜಾರಿಸಬೇಕು. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಬಾಯಿಗೆ ನೀರು ಹಾಕಬೇಡಿ. ನಮ್ಮ ಜನ ಮೊದಲು ಮಾಡುವುದೇ ಅದು. ಪ್ರಜ್ಞೆ ಇಲ್ಲದವರಿಗೆ ನೀರು ಶ್ವಾಸಕ್ಕೆ ಹೋಗುತ್ತದೆ.

"ಪೊಲೀಸ್, ಕೋರ್ಟು ಅಂತ ಅಲೆಸ್ತಾರೆ" ಎಂಬ ಭಯ ಬೇಡ. ಸಹಾಯ ಮಾಡಿದವರ ಹೆಸರು, ವಿಳಾಸವನ್ನು ಬಲವಂತವಾಗಿ ಕೇಳುವ ಹಾಗಿಲ್ಲ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯಲ್ಲೇ ಅವರಿಗೆ ರಕ್ಷಣೆ ಇದೆ. ದುಡ್ಡಿನ ಚಿಂತೆಗೂ ದಾರಿ ಇದೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕ ಹರೀಶ್ ಎಂಬ ಯುವಕ ಸಾಯುವ ಮೊದಲು ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡ. ಅವನ ಕಣ್ಣುಗಳನ್ನು ದಾನ ಮಾಡಲಾಯಿತು. ಅವನ ಹೆಸರಲ್ಲೇ ಮರುತಿಂಗಳು ರಾಜ್ಯ ಸರ್ಕಾರ ಒಂದು ಯೋಜನೆ ತಂದಿತು. ರಸ್ತೆಯಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆ 25 ಸಾವಿರ ರೂಪಾಯಿವರೆಗೆ ಉಚಿತ ಚಿಕಿತ್ಸೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವೂ ಒಂದು ಯೋಜನೆ ಪ್ರಕಟಿಸಿತು. ಅದರಲ್ಲಿ 7 ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದು ಕಟ್ಟದೆ ಚಿಕಿತ್ಸೆ. ಆಸ್ಪತ್ರೆಯಲ್ಲಿ "ಅಪಘಾತದ ಯೋಜನೆಯಲ್ಲಿ ಸೇರಿಸಿಕೊಳ್ಳಿ" ಎಂದು ಬಾಯಿಬಿಟ್ಟು ಕೇಳಿ.

108ಕ್ಕೆ ಫೋನ್ ಮಾಡಿ. ಅದಕ್ಕೆ ದುಡ್ಡಿಲ್ಲ. "ಎಲ್ಲಿ?" ಎಂದು ಅವರು ಮೊದಲು ಕೇಳುತ್ತಾರೆ. "ಮೈಸೂರು ರಸ್ತೆ" ಎಂದಷ್ಟೇ ಹೇಳಿದರೆ ಅವರು ಎಲ್ಲಿ ಹುಡುಕಬೇಕು? ಆರ್ಚ್‌ನಿಂದ ಯಾವ ಕಡೆ, ಪೇಟೆ ಕಡೆ ಹೋಗುವ ದಾರಿಯೋ ಕೆಂಗೇರಿ ಕಡೆ ಹೋಗುವ ದಾರಿಯೋ ಹೇಳಿ. ರಸ್ತೆ ನಡುವೆ ಮೆಟ್ರೊ ಕಂಬಗಳಿವೆ. ಕಂಬದ ಮೇಲೆ ನಂಬರ್ ಬರೆದಿರುತ್ತದೆ. ಹತ್ತಿರದ ಕಂಬದ ನಂಬರನ್ನು ಓದಿ, ಒಂದೊಂದೇ ಅಂಕಿಯಾಗಿ, ಫೋನಿನಲ್ಲಿ ಹೇಳಿ.